ತಟ್ಟೆ ತುಂಬ ಚುಕ್ಕೆ

ಜನವರಿ 8

ಭಾಮೈದನಿಗೆ,

ಇಲ್ಲಿ ಕ್ಷೇಮವಿಲ್ಲ. ಅಲ್ಲಿ ನೀನು ಕ್ಷೇಮವಾಗಿದ್ದರೆ ಅದು ನಿನ್ನ ತಪ್ಪು.

ನಿನ್ನೆ ಮಧ್ಯಾಹ್ನ ಮಗಳು ಬಸ್ಸಿಳಿದು ಮನೆಗೆ ಬಂದಳು. ರಜೆ ಇರಲಿಲ್ಲ, ಬರುತ್ತೇನೆಂದು ಹೇಳಿಯೂ ಇರಲಿಲ್ಲ. ಚಪ್ಪಲಿ ಬಿಡದೆ ಅಡುಗೆಮನೆಗೆ ಹೋಗಿ ನಿಂತಲ್ಲೇ ನೀರು ಕುಡಿದಳು. ಏನೇ ಅಂದೆ. "ಇನ್ನು ಲ್ಯಾಬಿಗೆ ಬರಬೇಡ ಅಂದ್ರು ಮಾವ" ಅಂದಳು. ಅಷ್ಟೇ. ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಆ ಚಿಲಕ ಹೇಗೆ ತೆಗೆಸಬೇಕೆಂದು ನಿನ್ನ ಅಕ್ಕನಿಗೆ ಗೊತ್ತಿತ್ತು. ಅವಳಿಲ್ಲ. ನನಗೆ ಗೊತ್ತಿರುವುದು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಗೊಣಗುವುದು. ಸಂಜೆಯವರೆಗೂ ಗೊಣಗಿದೆ. ಕೊನೆಗೆ ಅದನ್ನು ತಡೆಯಲಾರದೆ ಬಾಗಿಲು ತೆಗೆದು ಎಲ್ಲ ಹೇಳಿದಳು.

ನಾನು ಟೈಪಿಂಗ್ ಸ್ಕೂಲು ನಡೆಸಿದವನು, ವಿಜ್ಞಾನಿಯಲ್ಲ. ಕಾಲೇಜಿನಲ್ಲಿ ಬಯಾಲಜಿಗೆ ಸೇರಿ, ಕಪ್ಪೆ ಕೊಯ್ಯುವ ದಿನ ತಲೆ ತಿರುಗಿ ಬಿದ್ದು, ಇಂಗ್ಲಿಷ್ ಲಿಟರೇಚರಿನ ಕಡೆ ಹೊರಳಿ, ಅದನ್ನೂ ಅರ್ಧಕ್ಕೆ ಬಿಟ್ಟವನು. ಹಾಗಿದ್ದರೂ ಅವಳು ಹೇಳಿದ್ದು ನನಗೆ ಅರ್ಥವಾಯಿತು. ಪ್ರೊಫೆಸರಾದ ನಿನಗೆ ಅರ್ಥವಾಗಲಿಲ್ಲ. ತಪ್ಪಿದ್ದರೆ ತಿದ್ದು. ಲ್ಯಾಬಿನ ಬ್ಯಾಕ್ಟೀರಿಯಾಗಳು ಹೊರಗಿನ ಡಿಎನ್‌ಎಯನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅವನ್ನು ಐಸಿನ ಮೇಲೆ ಕೂರಿಸಿ, ಕ್ಯಾಲ್ಸಿಯಂ ಉಪ್ಪಿನ ನೀರಲ್ಲಿ ನೆನೆಸಿ, ಆಮೇಲೆ ಒಂದು ಗಳಿಗೆ ಬಿಸಿನೀರಿಗೆ ಅದ್ದಿ ತೆಗೆದರೆ ಕೆಲವು ಬೆಚ್ಚಿಬಿದ್ದು ಹೊರಗಿನದನ್ನು ನುಂಗುತ್ತವೆ. ನುಂಗಿದವು ಮಾತ್ರ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಬೆರೆಸಿದ ತಟ್ಟೆಯ ಮೇಲೆ ಬದುಕಿ, ಒಂದೊಂದೂ ಒಂದೊಂದು ಬಿಳಿ ಚುಕ್ಕೆಯಾಗಿ ಬೆಳೆಯುತ್ತವೆ. ಚುಕ್ಕೆ ಹೆಚ್ಚಿದಷ್ಟೂ ಕೆಲಸ ಚೆನ್ನಾಗಿ ಆಗಿದೆ ಎಂದರ್ಥ. ನಿನ್ನ ಲ್ಯಾಬಿನಲ್ಲಿ ಎಲ್ಲರಿಗೂ ಅಲ್ಲೊಂದು ಇಲ್ಲೊಂದು ಚುಕ್ಕೆ ಬರುತ್ತಿತ್ತು. ಇವಳಿಗೆ ತಟ್ಟೆ ತುಂಬ ಬಂತು. ಬೆಚ್ಚನೆಯ ಪೆಟ್ಟಿಗೆಯಲ್ಲಿ ಬೇಗ ಬೇಗ ಬೆಳೆಸುವ ಬದಲು ತಂಪಿನಲ್ಲಿ ನಿಧಾನವಾಗಿ ಬೆಳೆಸಿ, ಎಳೆಯದಾಗಿರುವಾಗಲೇ ಐಸಿಗೆ ತೆಗೆದಳಂತೆ. ಒಂದು ಸಲವಲ್ಲ, ಮತ್ತೆ ಮತ್ತೆ ಬಂತಂತೆ.

ಬಂದದ್ದಕ್ಕೆ ನೀನು ಏನು ಮಾಡಿದೆ? ಇಡೀ ಲ್ಯಾಬನ್ನು ಮೀಟಿಂಗಿಗೆ ಕರೆದು, ಅವಳ ತಟ್ಟೆಯನ್ನು ಮೇಲೆತ್ತಿ ತೋರಿಸಿ, "ಡಿಎನ್‌ಎ ಮೊದಲೇ ನುಂಗಿದ್ದ ಬ್ಯಾಕ್ಟೀರಿಯಾನ ತಂದು ಇದರ ಮೇಲೆ ಸುರಿದಿದ್ದೀಯ. ಇದು ಕೆಲಸ ಅಲ್ಲ, ಕಳ್ಳತನ" ಅಂದೆ. ಅವಳ ಜೂನಿಯರುಗಳ ಮುಂದೆ. ಟೀ ತರುವವನ ಮುಂದೆ. ಅವನು ಟ್ರೇ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟನಂತೆ.

ಕಳ್ಳತನ. ಆ ಮಾತನ್ನು ನೀನು ಯಾವ ಬಾಯಲ್ಲಿ ಆಡಿದೆ? ನೀನು ಕಾಲೇಜು ಓದಿದ್ದು ನಮ್ಮ ಮನೆಯಲ್ಲಿ, ಈ ಮಗು ನಿನ್ನ ಪುಸ್ತಕದ ಮೇಲೆ ಕೂತು ಆಡಿದ್ದು ನಮ್ಮ ಹಜಾರದಲ್ಲಿ. ಅದನ್ನೆಲ್ಲ ಎತ್ತಬಾರದು ಅಂದುಕೊಂಡೇ ಕಾಗದ ಹಿಡಿದೆ. ಎತ್ತಿ ಆಯಿತು. ಅಳಿಸುವುದಿಲ್ಲ.

ಇದನ್ನು ನಮ್ಮ ಇಂಗ್ಲಿಷ್ ಲೆಕ್ಚರರು ಕಂಡೆಮ್ಡ್ ಅನ್‌ಹರ್ಡ್ ಅನ್ನುತ್ತಿದ್ದರು. ಅನ್‌ಹರ್ಡೋ ಅನ್‌ಹಿಯರ್ಡೋ, ಅವರು ಹೋಗಿ ಎಷ್ಟೋ ಕಾಲವಾಯಿತು, ಕೇಳುವವರಿಲ್ಲ. ಅಹವಾಲು ಕೇಳದೆಯೇ ಶಿಕ್ಷೆ ಅನ್ನುವ ಅರ್ಥ ಮಾತ್ರ ನಿನಗೆ ಆಗಿರಬೇಕು. ಅವಳನ್ನು ವಾಪಸ್ ಕರೆಸಿಕೊ. ಯಾರ ಮುಂದೆ ಆ ಮಾತಾಡಿದೆಯೋ ಅವರ ಮುಂದೆಯೇ ಅದನ್ನು ಹಿಂತೆಗೆದುಕೊ.

ನಿನ್ನ ಅಕ್ಕನ ಗಂಡ

ಕಾಪಿ ಟು: ನಿಮ್ಮ ಸಂಸ್ಥೆಯ ಡೈರೆಕ್ಟರಿಗೆ, ಮಾಹಿತಿಗಾಗಿ ಮತ್ತು ಮುಂದಿನ ಕ್ರಮಕ್ಕಾಗಿ.


ಜನವರಿ 15

ಭಾವ,

ನಿಮ್ಮ ಪತ್ರ ನನ್ನ ಕೈ ಸೇರುವ ಮೊದಲೇ ಅದರ ಕಾಪಿ ಡೈರೆಕ್ಟರ ಮೇಜು ಸೇರಿತ್ತು. ನನ್ನನ್ನು ಕರೆಸಿ, ನಿಮ್ಮ ಮೊದಲ ಸಾಲನ್ನು ನಗುತ್ತಲೇ ಓದಿದರು. ಆಮೇಲೆ ನಗಲಿಲ್ಲ.

ನಾನು ನಿಮ್ಮ ಮಗಳಿಗೆ ಹೇಳಿದ್ದು ಒಂದು ವಾರ ಬರಬೇಡ ಅಂತ. ಆ ವಾರದ ಮಾತನ್ನು ಅವಳು ನಿಮಗೆ ಹೇಳಲಿಲ್ಲವೋ, ನಿಮ್ಮ ಗೊಣಗಾಟದಲ್ಲಿ ನಿಮಗೇ ಕೇಳಿಸಲಿಲ್ಲವೋ. ಮಾತು ತಣ್ಣಗಾದ ಮೇಲೆ ಕರೆಸಿ, ಪಕ್ಕದಲ್ಲಿ ನಿಂತು ಇನ್ನೊಮ್ಮೆ ಮಾಡಿಸೋಣ, ಅಲ್ಲಿಗೇ ಮುಗಿಸೋಣ ಎಂದುಕೊಂಡಿದ್ದೆ. ಇನ್ನು ಅದು ಸಾಧ್ಯವಿಲ್ಲ. ಜೀವನಪೂರ್ತಿ ಸಿಕ್ಕ ಅರ್ಜಿಗೆಲ್ಲ ಮೇಲಿನವರಿಗೊಂದು ಕಾಪಿ ಟೈಪು ಮಾಡಿಸಿದಿರಿ, ನೀರಿನ ನಲ್ಲಿ ಕೆಟ್ಟರೂ ಮಂತ್ರಿಗೆ ಕಾಪಿ. ಇಲ್ಲಿ ನಿಮ್ಮ ಕಾಪಿಯಿಂದ ಕಮಿಟಿ ಆಗಿದೆ. ಹೊರಗಿನ ಮೂವರು ಬಂದು ಅವಳ ಮುಂದೆ ಕೂರುತ್ತಾರೆ. ಅವರೆದುರು ಅವಳು ಮಾಡಿ ತೋರಿಸಬೇಕು. ಆಗದಿದ್ದರೆ ಅವಳ ಪಿಎಚ್‌ಡಿ ರದ್ದು. ಸುಳ್ಳು ಫಲಿತಾಂಶ ಕೊಟ್ಟವಳು ಎಂದು ಬರೆದು ಕಳಿಸುತ್ತಾರೆ, ಆಮೇಲೆ ಯಾವ ಲ್ಯಾಬೂ ಸೇರಿಸಿಕೊಳ್ಳುವುದಿಲ್ಲ.

ನಾನು ಯಾಕೆ ಹಾಗಂದೆ ಎಂದು ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ. ಅವಳು ಬರೆದುಕೊಟ್ಟ ವಿಧಾನವನ್ನು ನನ್ನ ಲ್ಯಾಬಿನ ಹಳಬರೆಲ್ಲ ಅಕ್ಷರ ಬಿಡದೆ ಮಾಡಿ ನೋಡಿದರು. ತಂಪಿನಲ್ಲಿ ಬೆಳೆಸಿದರು, ಎಳೆಯದನ್ನೇ ತೆಗೆದರು, ಐಸು ಕರಗದಂತೆ ಕಾದರು. ಒಬ್ಬರಿಗೂ ಬರಲಿಲ್ಲ. ನಮ್ಮ ಕಸುಬಿನಲ್ಲಿ ಒಬ್ಬರ ಕೈಯಲ್ಲಿ ಮಾತ್ರ ಆಗುವುದು ಆದ ಹಾಗಲ್ಲ. ಅವಳನ್ನು ಪಕ್ಕಕ್ಕೆ ಕರೆದು, ಏನೋ ಬಿಟ್ಟಿದ್ದೀಯ ಹೇಳು ಅಂದೆ. ಏನೂ ಇಲ್ಲ ಮಾವ, ಎಲ್ಲ ಬರೆದಿದ್ದೇನೆ ಅಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅಕ್ಕನ ಮಗಳು ಅಂತ ಬಿಟ್ಟಿದ್ದರೆ ನಾಳೆ ಉಳಿದವರೆಲ್ಲ ನನ್ನ ಮುಖ ನೋಡುತ್ತಿರಲಿಲ್ಲ.

ಅವಳನ್ನು ಕಳಿಸಿಕೊಡಿ.

ನಿಮ್ಮ ಭಾಮೈದ


ಜನವರಿ 22

ಭಾಮೈದನಿಗೆ,

ಕಳಿಸಿಕೊಟ್ಟಿದ್ದೇನೆ. ಬಸ್ಸು ಹೊರಡುವವರೆಗೂ ಕಿಟಕಿಯ ಹೊರಗೆ ನಿಂತು ಧೈರ್ಯ ಹೇಳಿದೆ. ಹಿಂದಿನ ಸೀಟಿನ ಹೆಂಗಸು, "ಸಾಕು ಹೋಗಿ ಯಜಮಾನ್ರೇ, ಆ ಮಗು ನಿದ್ದೆ ಮಾಡಲಿ" ಅಂದಳು.

ನಿನ್ನ ಪತ್ರವನ್ನು ಅವಳಿಗೆ ತೋರಿಸಿದೆ. ಕಾಪಿ ವಿಷಯ ಅವಳಿಗೆ ಗೊತ್ತಿರಲಿಲ್ಲ. ಓದಿ ಮಡಿಸಿ ನನ್ನ ಕೈಗೇ ಕೊಟ್ಟಳು. ಬೈದಿದ್ದರೆ ವಾಸಿಯಿತ್ತು. ನಿನಗೆ ಈಗ ಖುಷಿಯಾಗಿರಬೇಕು, ಮಾವನ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ಅಪ್ಪನ ಕಡೆಗೆ ತಿರುಗಿತು. ಆಗು, ಖುಷಿಯಾಗು. ಆ ಕಾಪಿ ಹಾಕಿದ್ದಕ್ಕೆ ನಾನು ನಿನ್ನ ಹತ್ತಿರ ತಪ್ಪಾಯಿತು ಅನ್ನುವುದಿಲ್ಲ. ಅವಳ ಹತ್ತಿರ ಅಂದೆನೋ ಇಲ್ಲವೋ ನಿನಗೆ ಬೇಡದ ವಿಷಯ.

ಮುಖ ನೋಡಲಿಲ್ಲವಂತೆ. ಮುಖ ನೋಡದವರೆಲ್ಲ ಕಳ್ಳರಾದರೆ ನಿನ್ನನ್ನು ಮೊದಲು ಹಿಡಿದು ಹಾಕಬೇಕು. ನಿನ್ನ ಅಕ್ಕ ಆಸ್ಪತ್ರೆಯಲ್ಲಿದ್ದಾಗ ಬಂದು ಮಂಚದ ಕಾಲು ನೋಡಿಕೊಂಡು ನಿಂತಿದ್ದೆ. ಆಗ ನಾನೇನಾದರೂ ಕಮಿಟಿ ಕರೆದೆನೇ? ನಿನ್ನ ಲ್ಯಾಬಿನಲ್ಲಿ ಯಾರಾದರೂ ನಿನ್ನ ಮುಖ ನೋಡುತ್ತಾರಾ, ಅದನ್ನು ಹೇಳು. ಅವಳೇ ಹಿಂದೊಮ್ಮೆ ಅಂದಿದ್ದಳು, ಮಾವ ಒಳಗೆ ಬಂದರೆ ಎಲ್ಲರೂ ಮೇಜು ಒರೆಸಲು ಶುರು ಮಾಡುತ್ತಾರೆ ಅಂತ. ಆಗ ನಾವಿಬ್ಬರೂ ನಕ್ಕಿದ್ದೆವು.

ಅವಳು ಮಾಡಿ ತೋರಿಸುತ್ತಾಳೆ. ಮೂವರಲ್ಲ, ಮೂವತ್ತು ಜನ ಕೂರಲಿ. ಐ ಹ್ಯಾವ್ ದಿ ಹಾನರ್ ಟು ಬಿ ಅಂತ ಮರ್ಯಾದೆಗೆ ಪತ್ರದ ಕೊನೆಗೆ ಟೈಪು ಮಾಡಿಸುತ್ತಿದ್ದೆ, ನಿನಗೆ ಅದನ್ನು ಬರೆಯಲು ಕೈ ಬರುವುದಿಲ್ಲ.

ಅವಳ ಅಪ್ಪ


ಫೆಬ್ರವರಿ 12

ಅಪ್ಪ,

ಆಗಲಿಲ್ಲ.

ನೀನು ಇನ್ನೊಬ್ಬರ ಬಾಯಿಂದ ಕೇಳುವ ಮೊದಲು ನಾನೇ ಬರೆಯುತ್ತಿದ್ದೇನೆ. ಎಲ್ಲವೂ ಕ್ರಮವಾಗಿ ನಡೆಯಿತು, ಯಾರೂ ಮೋಸ ಮಾಡಲಿಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತಿದೆ. ಯಾರ ಮೇಲೂ ಸಂಶಯ ಬರಬಾರದೆಂದು ಫ್ಲಾಸ್ಕುಗಳನ್ನೆಲ್ಲ ಕಮಿಟಿಯ ಎದುರಿಗೇ ತೊಳೆಸಿದರು. ಲ್ಯಾಬಿನ ನಿಯಮದಂತೆ ಎರಡು ಸಲ ಸೋಪು, ಆಮೇಲೆ ನೀರು. ನಾನೇ ತೊಳೆದೆ. ತಂಪಿನಲ್ಲಿ ಬೆಳೆಸಿದೆ, ಎಳೆಯದರಲ್ಲೇ ತೆಗೆದೆ. ಐಸಿನ ಡಬ್ಬಿಯ ಮೇಲೆ ಕೈ ಇಟ್ಟುಕೊಂಡೇ ಇದ್ದೆ. ಬಿಸಿನೀರಿಗೆ ಅದ್ದುವಾಗ ಆ ಮೂವರಲ್ಲಿ ಹಿರಿಯವರು ಗಡಿಯಾರ ಹಿಡಿದರು, ಅವರು ಹೇಳಿದ ಕ್ಷಣಕ್ಕೇ ತೆಗೆದೆ. ಮರುದಿನ ಬೆಳಿಗ್ಗೆ ಪೆಟ್ಟಿಗೆ ತೆಗೆದರೆ ಅಲ್ಲೊಂದು ಇಲ್ಲೊಂದು ಚುಕ್ಕೆ. ಎಲ್ಲರಿಗೂ ಬರುವಷ್ಟೇ.

ಮಾವ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. ಅವರ ಮುಖದಲ್ಲಿ ಗೆದ್ದ ಕಳೆ ಇದ್ದಿದ್ದರೆ ಕಿರುಚಬಹುದಿತ್ತು. ಇರಲಿಲ್ಲ. ಬೇಸರ ಇತ್ತು. ನನ್ನ ಬಗ್ಗೆ ಬೇಸರ.

ಕಮಿಟಿ ವರದಿ ಬರೆಯಲು ಮಾರ್ಚ್ ಕೊನೆಯವರೆಗೆ ಸಮಯ ಇದೆಯಂತೆ. ಅಷ್ಟರಲ್ಲಿ ನಾನು ಹೇಳುವುದೇನಾದರೂ ಇದ್ದರೆ ಹೇಳಬಹುದಂತೆ. ಏನು ಹೇಳಲಿ? ನನಗೇ ಗೊತ್ತಿಲ್ಲ. ಒಂದೊಂದು ಸಲ, ನಾನೇ ಮೊದಲು ಏನೋ ಕಣ್ಣು ಕಟ್ಟಿಕೊಂಡು ಮಾಡಿದೆನಾ ಅನ್ನಿಸುತ್ತದೆ.

ನೀನು ಯಾರಿಗೂ ಬರೆಯಬೇಡ. ಡೈರೆಕ್ಟರಿಗಲ್ಲ, ಮಾವನಿಗಲ್ಲ, ಮಂತ್ರಿಗಲ್ಲ. ಬರಲೂ ಬೇಡ. ನಿನ್ನ ಸಿಟ್ಟನ್ನು ನಾನು ಹೊತ್ತು ತಿರುಗಲಾರೆ, ನನ್ನದೇ ಸಾಕಷ್ಟಿದೆ.

ನಿನ್ನ ಮಗಳು


ಫೆಬ್ರವರಿ 20

ಮೆಣಸಿನಕಾಯಿಗೆ,

ನಿನ್ನ ಅಮ್ಮ ಇಟ್ಟ ಹೆಸರಿನಿಂದಲೇ ಕರೆಯುತ್ತೇನೆ, ಹೇಗೂ ನೀನು ಉರಿದುಕೊಂಡೇ ಇದ್ದೀಯ.

ಯಾರಿಗೂ ಬರೆದಿಲ್ಲ. ಬರೆಯದೆ ಇರುವುದು ಎಷ್ಟು ಕಷ್ಟ ಅಂತ ನಿನಗೆ ಗೊತ್ತಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ನಿನ್ನ ಮಾವನಿಗೆ ಒಂದು ಪತ್ರ ತಲೆಯಲ್ಲೇ ತಯಾರಾಗುತ್ತದೆ. ಹಲ್ಲುಜ್ಜುವಾಗ ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಚೆನ್ನಾಗಿರುತ್ತದೆ. ಇಂಥ ಒಳ್ಳೆಯ ಸಾಲುಗಳನ್ನೆಲ್ಲ ಉಗುಳಿ ಬಾಯಿ ಮುಕ್ಕಳಿಸುತ್ತಿದ್ದೇನೆ, ಅದೂ ನಿನಗೋಸ್ಕರ.

ನೀನೇ ಕಣ್ಣು ಕಟ್ಟಿಕೊಂಡು ಮಾಡಿದೆಯೇನೋ ಅಂತ ಬರೆದಿದ್ದೀಯಲ್ಲ, ಆ ಸಾಲು ಓದಿ ನನಗೆ ಬಂದಷ್ಟು ಸಿಟ್ಟು ನಿನ್ನ ಮಾವನ ಮೇಲೂ ಬಂದಿಲ್ಲ. ಬೇರೆಯವರು ಕಳ್ಳಿ ಅನ್ನಲಿ, ಅವರ ನಾಲಿಗೆ ಅವರದು. ನೀನೂ ಅನ್ನಲು ಶುರು ಮಾಡಿದರೆ ನಾನು ಯಾರ ಪರವಾಗಿ ಜಗಳ ಆಡಲಿ? ನಿನ್ನ ಕಣ್ಣಿನಿಂದ ನೋಡಿದೆ ತಾನೇ? ತಟ್ಟೆ ತುಂಬ ಇತ್ತು ತಾನೇ? ಹೋಲಿಕೆಗೆ ಇಟ್ಟಿದ್ದ, ಡಿಎನ್‌ಎ ಹಾಕದ ತಟ್ಟೆ ಬೋಳಾಗಿತ್ತು ಅಂದೆ ತಾನೇ? ಹಾಗಾದರೆ ಅದು ಆಗಿದೆ. ಆದದ್ದು ಆಗಿದೆ. ಯಾಕೆ ಆಯಿತು ಅನ್ನುವುದು ನಿನಗೆ ಗೊತ್ತಿಲ್ಲ, ಅಷ್ಟೇ. ಫ್ಯಾಕ್ಟ್ ಈಸ್ ಒನ್ ಥಿಂಗ್, ರೀಸನ್ ಈಸ್ ಅನದರ್ ಮ್ಯಾಟರ್, ಹೀಗೇನೋ ಲಾಜಿಕ್ ಕ್ಲಾಸಿನಲ್ಲಿ ಬರೆಸಿದ್ದರು.

ಮನೆಗೆ ಬಾ ಅನ್ನುವುದಿಲ್ಲ. ಬಂದರೆ ಬೇಡ ಅನ್ನುವುದಿಲ್ಲ. ಒಬ್ಬನಿಗೇ ಅಡುಗೆ ಮಾಡಿಕೊಂಡು ರುಚಿಯೇ ಗೊತ್ತಾಗುತ್ತಿಲ್ಲ, ಉಪ್ಪು ಹಾಕಿದೆನೋ ಇಲ್ಲವೋ ಕೇಳಲು ಒಂದು ನಾಲಿಗೆ ಬೇಕು. ಇದು ನಿನ್ನನ್ನು ಕರೆಯುವ ಉಪಾಯ ಅಂದುಕೊಳ್ಳಬೇಡ. ಉಪಾಯವೇ.

ಅಪ್ಪ


ಮಾರ್ಚ್ 14

ಮಾವ,

ಬಾಯಲ್ಲಿ ಹೇಳಿದರೆ ನೀವು ಮಧ್ಯದಲ್ಲಿ ತಡೆಯುತ್ತೀರಿ. ಅದಕ್ಕೆ ಬರೆಯುತ್ತಿದ್ದೇನೆ. ಕೊನೆಯವರೆಗೂ ಓದಿ.

ಸೋಪು. ಅಷ್ಟೇ ವಿಷಯ.

ನಿಮ್ಮ ಲ್ಯಾಬಿಗೆ ಸೇರಿದ ಹೊಸತರಲ್ಲೇ ಆ ಸೋಪಿನಿಂದ ನನ್ನ ಬೆರಳುಗಳ ಚರ್ಮ ಬಿರಿಯಲು ಶುರುವಾಯಿತು. ಕೈಗವಸು ಹಾಕಿದರೆ ಒಳಗೆ ಇನ್ನೂ ಉರಿ. ಅದಕ್ಕೆ ಎರಡು ಫ್ಲಾಸ್ಕುಗಳನ್ನು ನನಗೆಂದೇ ಇಟ್ಟುಕೊಂಡು, ಯಾರೂ ಇಲ್ಲದಾಗ ಕುದಿಯುವ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿ ಒಣಗಿಸುತ್ತಿದ್ದೆ. ಸೋಪು ಮುಟ್ಟಿಸುತ್ತಿರಲಿಲ್ಲ. ಏನೋ ಬಿಟ್ಟಿದ್ದೀಯ ಎಂದು ನೀವು ಕೇಳಿದಾಗ ಅದು ನೆನಪಾಗಿ ಮುಖ ತಗ್ಗಿಸಿದೆ. ನಿಯಮ ಮುರಿದಿದ್ದೇನೆಂದು ತಗ್ಗಿಸಿದೆ, ಸುಳ್ಳು ಹೇಳುತ್ತಿದ್ದೇನೆಂದಲ್ಲ. ಅದು ನನ್ನ ಕೈಯ ವಿಷಯ ಅಂದುಕೊಂಡಿದ್ದೆ, ಬ್ಯಾಕ್ಟೀರಿಯಾದ ವಿಷಯ ಅಂದುಕೊಂಡಿರಲಿಲ್ಲ.

ಕಮಿಟಿಯ ಮುಂದೆ ನಿಮ್ಮ ನಿಯಮದಂತೆ ತೊಳೆದೆ. ಒಂದು ವಾರ ಬೆರಳು ಮಡಿಸಲಾಗಲಿಲ್ಲ. ಹಾಸ್ಟೆಲಿನಲ್ಲಿ ಮುಲಾಮು ಹಚ್ಚಿಕೊಳ್ಳುತ್ತಾ ಕೂತಿದ್ದಾಗ ಹೊಳೆಯಿತು. ತೊಳೆದ ಮೇಲೂ ಈ ಸೋಪು ನನ್ನ ಚರ್ಮದ ಮೇಲೆ ಉಳಿದು ಇಷ್ಟು ಮಾಡುತ್ತದೆ ಅಂದರೆ, ಗಾಜಿನ ಮೇಲೂ ಉಳಿಯುತ್ತದೆ. ಉಪ್ಪುನೀರಿನಲ್ಲಿ ನೆನೆದು ಹೊರಪೊರೆ ಸಡಿಲವಾದ ಆ ಬ್ಯಾಕ್ಟೀರಿಯಾಗಳ ಗತಿ ಏನಾಗಬೇಕು?

ಮೇಲಿನ ಮಹಡಿಯ ಲ್ಯಾಬಿನ ಗೆಳತಿ ತನ್ನ ಮೇಜು ಬಿಟ್ಟುಕೊಟ್ಟಳು. ಅರ್ಧ ಫ್ಲಾಸ್ಕುಗಳನ್ನು ನಿಮ್ಮ ಹಾಗೆ ತೊಳೆದೆ, ಅರ್ಧವನ್ನು ನನ್ನ ಹಾಗೆ. ಯಾವುದು ಯಾವುದೆಂದು ನನಗೆ ತಿಳಿಯದಂತೆ ಗುರುತು ಹಾಕಿ ಮುಚ್ಚಿಟ್ಟವಳು ಅವಳು, ಮುಂದಿನದನ್ನು ಮಾಡಿದವಳು ನಾನು. ಸೋಪಿನವಕ್ಕೆ ಅಲ್ಲೊಂದು ಇಲ್ಲೊಂದು. ನೀರಿನವಕ್ಕೆ ತಟ್ಟೆ ತುಂಬ. ಆಮೇಲೆ ಅವಳ ಕೈಯಲ್ಲೇ ಮಾಡಿಸಿದೆ. ಹಾಗೇ ಬಂತು. ತಂಪಿನಲ್ಲಿ ಬೆಳೆಸಿದ್ದೂ ಸರಿಯೇ, ಆದರೆ ಸೋಪು ಇದ್ದರೆ ಅದರಿಂದ ಏನೂ ಉಪಯೋಗ ಇಲ್ಲ.

ನಾನು ಮುಚ್ಚಿಟ್ಟದ್ದು ತಪ್ಪು. ಆದರೆ ನೀವು ಒಂದು ಯೋಚಿಸಿ. ನಿಮ್ಮ ಲ್ಯಾಬಿನಲ್ಲಿ ಒಬ್ಬ ಹುಡುಗಿಗೆ ಸೋಪಿನಿಂದ ಕೈ ಒಡೆಯುತ್ತದೆ ಅಂತ ಹೇಳಲು ಆಗಲಿಲ್ಲ. ನಾನು ನಿಮ್ಮ ಸೊಂಟದ ಮೇಲೆ ಕೂತು ಬೆಳೆದವಳು, ನನಗೇ ಆಗಲಿಲ್ಲ. ಹೇಳಿದ್ದರೆ ನೀವು ಬೈಯುತ್ತಿದ್ದಿರಿ, ಬೈದು ಸೋಪಿನಲ್ಲೇ ತೊಳೆಸುತ್ತಿದ್ದಿರಿ, ತಟ್ಟೆ ಎಂದೂ ತುಂಬುತ್ತಿರಲಿಲ್ಲ. ಎಲ್ಲರೂ ನಿಮಗೆ ಹೆದರಿ ಅವರವರಿಗೆ ಬಂದಷ್ಟೇ ಚುಕ್ಕೆ ಎಣಿಸಿಕೊಂಡು ಇಷ್ಟು ವರ್ಷ ಕಳೆದಿದ್ದಾರೆ.

ನನ್ನ ಮಾತನ್ನು ನಂಬಬೇಡಿ. ನೀವೇ ನಿಮ್ಮ ಕೈಯಾರೆ ಮಾಡಿ ನೋಡಿ.

ನಿಮ್ಮ ಅಕ್ಕನ ಮಗಳು


ಮಾರ್ಚ್ 30

ಭಾವ,

ನಿಮಗೆ ಸಂತೋಷದ ಸುದ್ದಿ. ಅವಳು ಈಗಾಗಲೇ ಹೇಳಿರಬಹುದು. ಸೋಪಿನ ಬಗ್ಗೆ ಅವಳು ಹೇಳಿದ್ದು ನಿಜ. ಎಷ್ಟೋ ಕಾಲದ ಮೇಲೆ ನಾನೇ ಮೇಜಿನ ಮುಂದೆ ಕೂತು ಮಾಡಿದೆ. ಮೊದಲ ಸಲ ನಂಬಲಾಗದೆ ಇನ್ನೊಮ್ಮೆ ಮಾಡಿದೆ. ಕಮಿಟಿಗೆ ಬರೆದು ಕಳಿಸಿದ್ದೇನೆ. ಅವರು ಆಪಾದನೆಯನ್ನು ಕೈಬಿಟ್ಟಿದ್ದಾರೆ, ಪಿಎಚ್‌ಡಿ ಹಾಗೇ ಮುಂದುವರಿಯುತ್ತದೆ. ಫ್ಲಾಸ್ಕು ತೊಳೆಯುವ ತೊಟ್ಟಿಯ ಮೇಲಿದ್ದ ಸೋಪಿನ ನಿಯಮದ ಹಲಗೆಯನ್ನು ತೆಗೆಸಿದ್ದೇನೆ. ಇದರ ಬಗ್ಗೆ ನಾವು ಬರೆಯುವ ಪ್ರಬಂಧದಲ್ಲಿ ಅವಳ ಹೆಸರೇ ಮೊದಲು.

ಇಷ್ಟಾದರೂ ಅವಳು ಲ್ಯಾಬಿಗೆ ಬರುತ್ತಿಲ್ಲ. ಹಾಸ್ಟೆಲಿಗೇ ಹೋಗಿ ಕರೆದೆ. ಯಾರ ಮುಂದೆ ಕಳ್ಳತನ ಅಂದಿರೋ ಅವರ ಮುಂದೆ ಅದನ್ನು ತಪ್ಪು ಅನ್ನಿ, ಆಮೇಲೆ ಬರುತ್ತೇನೆ ಅಂದಳು. ಇದು ನಿಮ್ಮ ಮೊದಲ ಪತ್ರದ ಮಾತು, ಅವಳ ಬಾಯಲ್ಲಿ.

ಭಾವ, ವಿಷಯ ಮುಗಿದಿದೆ. ಫೈಲು ಮುಚ್ಚಿದೆ. ಮತ್ತೆ ಎಲ್ಲರನ್ನೂ ಕೂರಿಸಿ ಕೆದಕುವುದರಿಂದ ಯಾರಿಗೆ ಏನು ಲಾಭ? ನನ್ನ ಕೈಕೆಳಗೆ ಇಷ್ಟು ಹುಡುಗರಿದ್ದಾರೆ, ನಾಳೆ ಅವರಿಗೆ ನಾನು ಒಂದು ಮಾತು ಹೇಳಿದರೆ ಕೇಳಬೇಕಲ್ಲ. ಅವಳೂ ಮುಚ್ಚಿಟ್ಟಳು, ನಾನೂ ದುಡುಕಿದೆ, ಸರಿಗೆ ಸರಿ ಆಯಿತು. ಏಪ್ರಿಲ್ ಕಳೆದರೆ ಅವಳ ಜಾಗವನ್ನು ಖಾಲಿ ಎಂದು ತೋರಿಸಬೇಕಾಗುತ್ತದೆ, ಅದು ನನ್ನ ಕೈಯಲ್ಲಿಲ್ಲ. ನೀವು ಹೇಳಿದರೆ ಕೇಳುತ್ತಾಳೆ. ಅಕ್ಕ ಇದ್ದಿದ್ದರೆ ಹೇಳುತ್ತಿದ್ದಳು.

ನಿಮ್ಮ ಭಾಮೈದ


ಏಪ್ರಿಲ್ 6

ಭಾಮೈದನಿಗೆ,

ನಿನ್ನ ಪತ್ರ ಓದಿದಾಗ ಮೊದಲು ನನಗೂ ಹೌದೆನ್ನಿಸಿತು. ಹೋಗಲಿ ಬಿಡು, ಪಿಎಚ್‌ಡಿ ಉಳಿಯಿತಲ್ಲ, ಹೆಸರು ಮೊದಲು ಹಾಕುತ್ತಾನಂತಲ್ಲ ಅಂದುಕೊಂಡು ಮಗಳಿಗೆ ಬುದ್ಧಿ ಹೇಳಿ ಒಂದು ಪತ್ರ ಬರೆದೆ. ಚೆನ್ನಾಗಿಯೇ ಬಂತು. ಅಂಚೆಗೆ ಹಾಕಲು ಹೊರಟವನು ದಾರಿಯಲ್ಲಿ ಕ್ಷೌರಕ್ಕೆ ಕೂತೆ.

ಕ್ಷೌರದವನು ಕತ್ತರಿ ಆಡಿಸುತ್ತಾ, ಮಗಳು ಈಗ ಎಲ್ಲಿದ್ದಾಳೆ ಎಂದು ವಿಚಾರಿಸಿದ. ಅಲ್ಲೇ ಲ್ಯಾಬಿನಲ್ಲಿ ಅಂದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ, ದನಿ ಇಳಿಸಿ, "ಮೇಷ್ಟ್ರೇ, ನಮಗೇನೂ ಬೇರೆ ಅಲ್ಲ ನೀವು. ಅಲ್ಲಿಂದ ಏನೋ ಕದ್ದು ಸಿಕ್ಕಿಹಾಕ್ಕೊಂಡ್ಳಂತಲ್ಲ, ವಾಪಸ್ ಕೊಟ್ಟರೆ ಬಿಟ್ಟುಬಿಡ್ತಾರಾ?" ಅಂದ.

ಕದ್ದು. ವಾಪಸ್ ಕೊಟ್ಟರೆ. ಪಕ್ಕದ ಕುರ್ಚಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತವನು ಕಣ್ಣು ತೆರೆದು ನೋಡಿದ. ಅವನಿಗೂ ಗೊತ್ತು. ನಿನ್ನ ಲ್ಯಾಬಿನ ಯಾರೋ ಹುಡುಗನ ದೊಡ್ಡಮ್ಮನ ಮನೆ ನಮ್ಮ ಹಿಂದಿನ ಬೀದಿಯಲ್ಲಿದೆಯಂತೆ. ನಾನು ಅವನಿಗೆ ಏನು ಹೇಳಲಿ? ಬ್ಯಾಕ್ಟೀರಿಯಾ, ಕ್ಯಾಲ್ಸಿಯಂ, ಸೋಪು? ಶುರು ಮಾಡಿದೆ. ಅರ್ಧ ತಲೆಯ ಕೂದಲಿಗೆ ಕತ್ತರಿ ನಿಲ್ಲಿಸಿಕೊಂಡು ಕೇಳಿದ, ಪಾಪ. ಕೇಳಿ, ಅಂತೂ ಕದ್ದದ್ದು ದೊಡ್ಡದೇನಲ್ಲ ಅಂದ.

ಸರಿಗೆ ಸರಿ ಅಂದೆಯಲ್ಲ. ಅವಳು ಮುಚ್ಚಿಟ್ಟದ್ದು ಎರಡು ಫ್ಲಾಸ್ಕು. ನೀನು ಹೊರಗೆ ಬಿಟ್ಟದ್ದು ಒಂದು ಮಾತು. ಅದು ಬಸ್ಸು ಹತ್ತಿ ಬಂದು ನಮ್ಮ ಬೀದಿಯಲ್ಲಿ ಮನೆ ಮಾಡಿಕೊಂಡಿದೆ. ನಿನ್ನ ಫೈಲಿಗೆ ಕಾಲಿಲ್ಲ, ಅದು ಮುಚ್ಚಿಕೊಂಡು ಬೀರುವಿನಲ್ಲಿ ಕೂತಿದೆ. ಪ್ರಬಂಧ ಅಂದೆ. ನನ್ನ ಕ್ಷೌರದವನು ಓದುತ್ತಾನಾ? ಆ ಟೀಯವನು ಓದುತ್ತಾನಾ? ಬಾಯಿಂದ ಹೋದದ್ದಕ್ಕೆ ಬಾಯಿಂದಲೇ ಬರಬೇಕು. ಅಲ್ಲಿದ್ದ ಹುಡುಗರೇ ಇದನ್ನೂ ಹೊತ್ತು ಮನೆಮನೆಗೆ ಹೇಳಬೇಕು.

ಹುಡುಗರು ನಾಳೆ ನಿನ್ನ ಮಾತು ಕೇಳಬೇಕಲ್ಲ ಅನ್ನುತ್ತೀಯ. ಕೇಳಿ ಕೇಳಿಯೇ ಅವರಿಗೆ ಚುಕ್ಕೆ ಬಾರದೆ ಹೋದದ್ದು. ಯೂ ಆರ್ ಎ ಸೈಂಟಿಸ್ಟ್, ಕೈಂಡ್ಲಿ ಬಿಹೇವ್ ಲೈಕ್ ದಿ ಸೇಮ್. ಗ್ರಾಮರ್ ಸರಿಯಿಲ್ಲದಿರಬಹುದು, ಮಾತು ಸರಿಯಿದೆ.

ನಿನ್ನ ಅಕ್ಕನನ್ನು ಮಧ್ಯೆ ತಂದೆ. ಅವಳು ಇದ್ದಿದ್ದರೆ ಏನು ಹೇಳುತ್ತಿದ್ದಳು ಅಂತ ನಿನಗಿಂತ ನನಗೆ ಚೆನ್ನಾಗಿ ಗೊತ್ತು. ಮೊದಲು ಊಟಕ್ಕೆ ಬಡಿಸುತ್ತಿದ್ದಳು, ನೀನು ತುತ್ತು ಬಾಯಿಗಿಟ್ಟ ಮೇಲೆ ಶುರು ಮಾಡುತ್ತಿದ್ದಳು. ಎದ್ದು ಹೋಗಲೂ ಬಿಡುತ್ತಿರಲಿಲ್ಲ.

ಮಗಳಿಗೆ ಬುದ್ಧಿ ಹೇಳಿ ಬರೆದ ಪತ್ರವನ್ನು ಕ್ಷೌರದಂಗಡಿಯ ಕಸದ ಬುಟ್ಟಿಗೆ ಹಾಕಿ ಬಂದೆ, ಕೂದಲಿನ ಜೊತೆ. ಅವಳ ಜಾಗ ಹೋದರೆ ಹೋಗಲಿ ಎಂದು ಬರೆಯುವಷ್ಟು ಧೈರ್ಯ ನನಗಿಲ್ಲ. ಅದು ಹೋದರೆ ಅವಳು ಏನಾಗುತ್ತಾಳೋ ಎಂದು ಹೆದರಿಕೊಂಡೇ ಈ ಸಾಲು ಬರೆಯುತ್ತಿದ್ದೇನೆ. ಆದರೂ ಅವಳಿಗೆ ಬಗ್ಗು ಅನ್ನುವುದಿಲ್ಲ. ಇನ್ನು ನಿನ್ನ ಇಷ್ಟ.

ಭಾವ


ಏಪ್ರಿಲ್ 21

ಅಪ್ಪ,

ನಿನ್ನೆ ಬೆಳಿಗ್ಗೆ ಮಾವ ಹಾಸ್ಟೆಲಿಗೆ ಆಟೋ ಕಳಿಸಿದ್ದರು. ನಾನು ಅದರಲ್ಲಿ ಹತ್ತಲಿಲ್ಲ, ನಡೆದು ಹೋದೆ. ಆಟೋದವನು ಪಾಪ, ಬಾಡಿಗೆ ಬಂದಿದೆ ಹತ್ತಮ್ಮ ಅನ್ನುತ್ತಾ ಗೇಟಿನವರೆಗೂ ಪಕ್ಕದಲ್ಲೇ ನಿಧಾನಕ್ಕೆ ಬಂದ.

ಮೀಟಿಂಗ್ ಕೋಣೆಯಲ್ಲಿ ಎಲ್ಲರೂ ಇದ್ದರು. ಆವತ್ತು ಇದ್ದವರಲ್ಲಿ ಯಾರೂ ತಪ್ಪಿಸಿಕೊಂಡಿರಲಿಲ್ಲ, ಮಾವ ಒಬ್ಬೊಬ್ಬರನ್ನೂ ಹೇಳಿ ಕರೆಸಿದ್ದರಂತೆ. ಟೀಯವರನ್ನೂ ನಿಲ್ಲಿಸಿದ್ದರು. ಅವರು ಟ್ರೇ ಎಲ್ಲಿಡಬೇಕೆಂದು ಗೊತ್ತಾಗದೆ ಕಿಟಕಿಯ ಕಟ್ಟೆಯ ಮೇಲಿಟ್ಟು ಕೈಕಟ್ಟಿ ನಿಂತರು. ನಾನು ಬಾಗಿಲ ಹತ್ತಿರವೇ ನಿಂತೆ. ಮಾವ ಬೋರ್ಡಿನ ಕಡೆ ತಿರುಗಿಕೊಂಡು ಸೋಪಿನ ವಿಷಯ ವಿವರಿಸಿದರು. ಚೆನ್ನಾಗಿ ವಿವರಿಸಿದರು, ಗಾಜಿಗೆ ಹೇಗೆ ಅಂಟುತ್ತದೆ, ಹೊರಪೊರೆಯನ್ನು ಹೇಗೆ ಕೆಡಿಸುತ್ತದೆ, ಎಲ್ಲ ಚಿತ್ರ ಬರೆದು. ಇದು ಪಾಠ ಅಂದುಕೊಂಡು ಜೂನಿಯರುಗಳು ಬರೆದುಕೊಳ್ಳಲು ಶುರು ಮಾಡಿದರು. ಇಷ್ಟಕ್ಕೇ ಮುಗಿಸುತ್ತಾರೇನೋ ಅಂದುಕೊಂಡೆ. ಸಿಟ್ಟಿನಿಂದ ನನ್ನ ಕಿವಿ ಬಿಸಿಯಾಯಿತು.

ಆಮೇಲೆ ಸೀಮೆಸುಣ್ಣ ಕೆಳಗಿಟ್ಟು, ಬೋರ್ಡಿನ ಕಡೆಗೇ ಮುಖ ಮಾಡಿಕೊಂಡು ಏನೋ ಅಂದರು. ತಪ್ಪು ಅನ್ನುವ ಒಂದು ಪದ ಕೇಳಿಸಿತು. ಮುಂದಿನ ಸಾಲಿನವರಿಗೆ ಕೇಳಿಸಿರಬೇಕು, ತಲೆ ತಗ್ಗಿಸಿದರು. ಹಿಂದಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೀಯವರು ನನ್ನ ಕಡೆ ನೋಡಿದರು. ಮಾವ ಕನ್ನಡಕ ಜೇಬಿಗಿಟ್ಟು ಹೊರಡಲು ತಿರುಗಿದರು.

"ಮಾವ, ಹಿಂದಿನವರಿಗೆ ಕೇಳಿಸಲಿಲ್ಲ" ಅಂದೆ.

ನನ್ನ ದನಿ ನನಗೇ ಜೋರಾಯಿತು ಅನ್ನಿಸಿತು. ಲ್ಯಾಬಿನಲ್ಲಿ ಎಲ್ಲರೆದುರು ಅವರನ್ನು ಮಾವ ಅಂತ ಕರೆದದ್ದೂ ಅದೇ ಮೊದಲು. ಅವರು ಬೈಯುತ್ತಾರೆ ಅಂದುಕೊಂಡೆ, ಮುಖ ಹಾಗೇ ಇತ್ತು. ಆಮೇಲೆ ವಾಪಸ್ ಬೋರ್ಡಿನ ಹತ್ತಿರ ಹೋಗಿ, ಈ ಸಲ ಎಲ್ಲರ ಕಡೆ ತಿರುಗಿ, "ಇವಳು ಕದ್ದಿರಲಿಲ್ಲ. ನಾನು ಅವತ್ತು ಹೇಳಿದ್ದು ಸುಳ್ಳು. ನಿಮ್ಮೆಲ್ಲರ ಮುಂದೆ ಹೇಳಿದ್ದೆ, ಅದಕ್ಕೆ ನಿಮ್ಮೆಲ್ಲರ ಮುಂದೆ ಹೇಳ್ತಿದ್ದೀನಿ" ಅಂದರು. ಕೊನೆಯ ಸಾಲಿನವರೆಗೂ ಕೇಳಿಸಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟುವಂಥದ್ದೂ ಅಲ್ಲ. ಕುರ್ಚಿಗಳ ಸದ್ದು ಮಾಡುತ್ತಾ ಎದ್ದು ಹೋದರು. ಹೋಗುವಾಗ ಒಬ್ಬ ಜೂನಿಯರ್ ನನ್ನ ಪಕ್ಕ ನಿಂತು, ಐಸಿನಲ್ಲಿ ಕೂರಿಸುವ ಮೊದಲು ಕಲಕಿದಾಗೆಲ್ಲ ತನಗೆ ಚುಕ್ಕೆ ಕಡಿಮೆ ಬರುತ್ತದೆ, ಹೇಳಲು ಹೆದರಿಕೆ, ನಿಮಗೂ ಹಾಗಾಗುತ್ತಾ ಅಂತ ಕೇಳಿದಳು. ಅವಳನ್ನು ಮಾವನ ಹತ್ತಿರವೇ ಕಳಿಸಿದೆ. ಹೋಗಲೋ ಬೇಡವೋ ಎಂದು ನಿಂತಳು, ಹೋದಳು.

ಸೋಮವಾರದಿಂದ ನಾನೂ ಕೆಲಸಕ್ಕೆ ಹೋಗುತ್ತೇನೆ. ಮಾವನ ಮನೆಗೆ ಅತ್ತೆ ಭಾನುವಾರ ಊಟಕ್ಕೆ ಕರೆದಿದ್ದಾರೆ. ಬರುವುದಿಲ್ಲ ಎಂದು ಹೇಳಿ ಕಳಿಸಿದೆ. ಲ್ಯಾಬಿನಲ್ಲಿ ಮಾವನ ಎದುರು ನಿಲ್ಲಬಲ್ಲೆ, ಅವರ ಮನೆಯ ತಟ್ಟೆ ಮುಂದೆ ಇನ್ನೂ ಕೂರಲಾರೆ.

ನಿನ್ನ ಮಗಳು